ಅರ್ಧ ಹರಿದಿದೆ ಎಂದರೆ ಎಷ್ಟು? ಅಡಿಕೆ ತೋಟದ ಹೆಗಲು ಮತ್ತು ಶೇ. 50ರ ಗೆರೆ

ಈ ಟಿಪ್ಪಣಿ ಒಂದು ಅಂಕಿಯ ಕುರಿತಾದದ್ದು. ಹೆಗಲಿನ ರೊಟೇಟರ್ ಕಫ್ ಪೂರ್ತಿ ತುಂಡಾಗದೆ ದಪ್ಪದಲ್ಲಿ ಒಂದಷ್ಟು ಪಾಲು ಮಾತ್ರ ಹರಿದಾಗ, ಹರಿದದ್ದು ಅರ್ಧಕ್ಕಿಂತ ಕಡಿಮೆ ಇದ್ದರೆ ಸವರಿ ಬಿಡುವುದು, ಅರ್ಧ ದಾಟಿದ್ದರೆ ಹೊಲಿಯುವುದು ಎಂಬ ಸೂತ್ರ ಮೂರು ದಶಕಗಳಿಂದ ಶಸ್ತ್ರಚಿಕಿತ್ಸಕರ ಕೈಯಲ್ಲಿದೆ. ಕಾಸರಗೋಡಿನ ಮುಳ್ಳೇರಿಯದ ಕೃಷಿಕನ ಮನೆಗೆ ಅದು ಎಂಆರ್‌ಐ ವರದಿಯ ಕೊನೆಯ ಸಾಲಾಗಿ ಬರುತ್ತದೆ: 'ಶೇ. 50ಕ್ಕಿಂತ ಹೆಚ್ಚು' ಅಥವಾ 'ಶೇ. 50ಕ್ಕಿಂತ ಕಡಿಮೆ'. ಆ ಸಾಲು ಓದಿದ ದಿನದಿಂದ ಆಪರೇಷನ್ ಬೇಕೋ ಬೇಡವೋ ಎಂಬ ಮಾತು ಊಟದ ಹೊತ್ತಿನಲ್ಲೂ ನಿಲ್ಲುವುದಿಲ್ಲ. ಈ ಗೆರೆ ನಾವು ನಂಬಿರುವಷ್ಟು ಗಟ್ಟಿಯಾದುದಲ್ಲ ಎಂಬುದನ್ನು ಇಲ್ಲಿ ತೋರಿಸಬೇಕೆಂದಿದ್ದೇನೆ. ಹರಿತ ಯಾವ ಬದಿಯಲ್ಲಿದೆ, ಹೇಗಾಯಿತು, ಹೆಗಲಿನ ಒಡೆಯ ವರ್ಷದ ಯಾವ ತಿಂಗಳಲ್ಲಿ ಏನು ಕೆಲಸ ಮಾಡುವವನು ಎಂಬ ಪ್ರಶ್ನೆಗಳು ಆಳದ ಪ್ರಶ್ನೆಗಿಂತ ಮೊದಲು ಬರಬೇಕು.

ಮೊದಲು ಪದಗಳ ವಿಷಯ. ಹೆಗಲು ಸೋತವರು ಇಲ್ಲಿ 'ರಟ್ಟೆ ನೋವು' ಎನ್ನುತ್ತಾರೆ, ತುಳುವಿನಲ್ಲಿ 'ಪುಗೆಲ್' ಎನ್ನುತ್ತಾರೆ, ಹವ್ಯಕರ ಮನೆಯಲ್ಲಿ 'ಕೈ ನೆಗ್ಗುಲೆ ಎಡಿತ್ತಿಲ್ಲೆ' ಎನ್ನುತ್ತಾರೆ. ಆಸ್ಪತ್ರೆಯಿಂದ ಬಂದ ಮೇಲೆ ಎಲ್ಲ ಭಾಷೆಗಳಲ್ಲೂ ಮಾತು ಒಂದೇ ಆಗುತ್ತದೆ: 'ನರ ಹರಿದಿದೆಯಂತೆ.' ಇಲ್ಲಿ ಹರಿದಿರುವುದು ನರವಲ್ಲ. ಮಾಂಸವನ್ನು ಮೂಳೆಗೆ ಕಟ್ಟುವ ಬಿಳಿಯ ಗಟ್ಟಿ ನಾರು, ಅಂದರೆ ಟೆಂಡನ್, ಹರಿದಿದೆ. ನರ ಎಂದೊಡನೆ ಕೈ ಸತ್ತುಹೋದೀತು, ಲಕ್ವ ಬಡಿದೀತು ಎಂಬ ಭಯ ಹುಟ್ಟುತ್ತದೆ. ಆ ಭಯದಲ್ಲಿ ತೆಗೆದುಕೊಂಡ ತೀರ್ಮಾನ ಒಂದೋ ತೀರಾ ಅವಸರದ್ದಾಗುತ್ತದೆ, ಇಲ್ಲವೇ ಆಸ್ಪತ್ರೆಯ ದಾರಿಯನ್ನೇ ಬಿಟ್ಟುಬಿಡುವಂಥದ್ದಾಗುತ್ತದೆ.

ಬರಹದ ಕನ್ನಡವೂ ಇಲ್ಲಿ ಪೂರ್ತಿ ನೆರವಿಗೆ ಬರುವುದಿಲ್ಲ. ನಾವು ಇಂದು ಸ್ನಾಯು ಎಂದು ಮಾಂಸಖಂಡಕ್ಕೆ ಹೇಳುತ್ತೇವೆ, ಟೆಂಡನ್‌ಗೆ ಸ್ನಾಯುರಜ್ಜು ಎನ್ನುತ್ತೇವೆ. ಆಯುರ್ವೇದದ ಹಳೆಯ ಸಂಸ್ಕೃತದಲ್ಲಿ ಮಾಂಸಕ್ಕೆ ಪೇಶಿ ಎಂದು ಹೆಸರು, ಸ್ನಾಯು ಎಂದರೆ ಕಟ್ಟುವ ನಾರು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಹೆಗಲಿನ ಅಂಸಮರ್ಮವನ್ನು ಸ್ನಾಯುಮರ್ಮಗಳ ಸಾಲಿನಲ್ಲಿ ಇಟ್ಟಿದ್ದಾರೆ. ಅಲ್ಲಿ ಪೆಟ್ಟಾದರೆ ತೋಳು ಸ್ತಬ್ಧವಾಗುತ್ತದೆ ಎಂಬ ಲಕ್ಷಣವನ್ನೂ ಹೇಳಿದ್ದಾರೆ. ಹಳೆಯ ಅರ್ಥದಲ್ಲಿ ಓದಿದರೆ ಆ ವಿಂಗಡಣೆ ಹೆಗಲಿನ ಕಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಇಂದಿನ ಕನ್ನಡದ ಅರ್ಥದಲ್ಲಿ ಓದಿದರೆ ದಾರಿ ತಪ್ಪುತ್ತದೆ. ಮಲಯಾಳವು ಮಾಂಸಖಂಡಕ್ಕೆ ಪೇಶಿ ಎಂಬ ಪದವನ್ನೇ ಉಳಿಸಿಕೊಂಡಿದೆ. ಕಾಸರಗೋಡಿನಲ್ಲಿ ಮಲಯಾಳ ಮಾತಾಡುವ ಫಿಸಿಯೋಥೆರಪಿಸ್ಟ್ 'ಪೇಶಿ ಸರಿ ಇದೆ' ಎಂದದ್ದನ್ನೂ, ಕನ್ನಡದ ಕರಪತ್ರ 'ಸ್ನಾಯು ಹರಿತ' ಎಂದದ್ದನ್ನೂ ಒಂದೇ ಮನೆಯಲ್ಲಿ ಓದುವವರಿಗೆ ಎರಡೂ ಸರಿ ಎಂದು ಹೇಗೆ ತಿಳಿಯಬೇಕು? ಈ ಬರಹದಲ್ಲಿ ನಾನು 'ನಾರು' ಎಂಬ ಸರಳ ಪದವನ್ನು ಬಳಸುತ್ತೇನೆ. ಭಾಗಶಃ ಹರಿತಕ್ಕೆ ನಮ್ಮ ಊರಿನ ಹಗ್ಗದ ಮಾತು ಇನ್ನೂ ಚೆನ್ನಾಗಿ ಒಪ್ಪುತ್ತದೆ: 'ಎಳೆ ಬಿಟ್ಟಿದೆ'. ಎಳೆ ಬಿಟ್ಟ ಹಗ್ಗ ತುಂಡಾದ ಹಗ್ಗವಲ್ಲ. ಹಾಗೆಂದು ಅದರ ಮೇಲೆ ಎಷ್ಟು ಭಾರವನ್ನಾದರೂ ಹಾಕಬಹುದು ಎಂದೂ ಅಲ್ಲ.

ಕಫ್ ಎಂಬುದು ಅಂಗಿಯ ತೋಳಿನ ಕಫ್, ಶ್ವಾಸಕೋಶದ ಕಫವಲ್ಲ. ಹೆಗಲ ಹಲಗೆಯಿಂದ ಹೊರಟ ನಾಲ್ಕು ಮಾಂಸಖಂಡಗಳ ನಾರುಗಳು ತೋಳಿನ ಎಲುಬಿನ ಗುಂಡು ತಲೆಯನ್ನು ಅಂಗಿಯ ಪಟ್ಟಿಯಂತೆ ಸುತ್ತಿ ಹಿಡಿದಿರುತ್ತವೆ: ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರಿಸ್ ಮೈನರ್, ಮುಂದೆ ಸಬ್‌ಸ್ಕ್ಯಾಪುಲಾರಿಸ್. ಕೈ ಎತ್ತುವ ದೊಡ್ಡ ಬಲ ಹೊರಗಿನ ಡೆಲ್ಟಾಯ್ಡ್‌ನದು. ಆ ಬಲ ಗುಂಡನ್ನು ಮೇಲಕ್ಕೆ ಜಾರಿಸದಂತೆ ಅದರ ಬಟ್ಟಲಿನಲ್ಲಿ ಒತ್ತಿ ನಿಲ್ಲಿಸುವುದು ಈ ನಾಲ್ವರ ಕೆಲಸ. ಹೆಚ್ಚಾಗಿ ಎಳೆ ಬಿಡುವುದು ಸುಪ್ರಾಸ್ಪೈನೇಟಸ್. ಎಲುಬಿಗೆ ಅಂಟಿಕೊಳ್ಳುವ ಜಾಗದಲ್ಲಿ ಅದರ ದಪ್ಪ ಸುಮಾರು 10ರಿಂದ 12 ಮಿಲಿಮೀಟರ್. ಕೆಳಗಿನ ಮುಖ ಕೀಲಿನ ಕಡೆ ಇರುತ್ತದೆ. ಮೇಲಿನ ಮುಖ ಬರ್ಸಾ ಎಂಬ ಜಾರುಚೀಲದ ಕಡೆ, ಅಕ್ರೋಮಿಯನ್ ಎಂಬ ಮೂಳೆಯ ಸೂರಿನ ಅಡಿಯಲ್ಲಿ ಇರುತ್ತದೆ. ಈ ಎರಡು ಮುಖಗಳ ವ್ಯತ್ಯಾಸ ನೆನಪಿನಲ್ಲಿರಲಿ. ಕೀಲಿನ ಕಡೆಯ ಎಳೆಗಳಿಗೆ ರಕ್ತದ ಪೂರೈಕೆ ಕಡಿಮೆ, ಎಳೆತ ತಾಳುವ ಶಕ್ತಿಯೂ ಕಡಿಮೆ. ಹಾಗಾಗಿ ಹರಿತ ಆ ಬದಿಯಲ್ಲೇ ಹೆಚ್ಚು ಕಾಣುತ್ತದೆ. ಬರ್ಸಾ ಬದಿಯ ಹರಿತ ಸಂಖ್ಯೆಯಲ್ಲಿ ಕಡಿಮೆ, ಆದರೆ ನೋವು ಜಾಸ್ತಿ, ಸ್ವಭಾವವೂ ಹಟಮಾರಿ.

ಕೀಲಿನ ಬದಿಯ ಅಂಚು ಎದ್ದ ಹರಿತವನ್ನು ಮೊದಲು ಗಮನವಿಟ್ಟು ಬರೆದವರು ಬಾಸ್ಟನ್ನಿನ ಅರ್ನೆಸ್ಟ್ ಅಮೋರಿ ಕಾಡ್ಮನ್. 1909ರಲ್ಲಿ ಸುಪ್ರಾಸ್ಪೈನೇಟಸ್ ಅನ್ನು ಹೊಲಿದವರೂ ಅವರೇ. ಅವರ 'ದಿ ಶೋಲ್ಡರ್' 1934ರಲ್ಲಿ ಹೊರಬಂತು. ಆಪರೇಷನ್ ಮಾಡಿದ ಪ್ರತಿ ರೋಗಿಯನ್ನೂ ವರ್ಷ ಕಳೆದ ಮೇಲೆ ಮತ್ತೆ ಕರೆದು ನೋಡಬೇಕು, ಫಲ ಏನಾಯಿತೆಂದು ಬರೆದಿಡಬೇಕು ಎಂದು ಹಟ ಹಿಡಿದ ವೈದ್ಯ ಆತ. ಆ ಹಟಕ್ಕಾಗಿ ಅವರು ಸಹೋದ್ಯೋಗಿಗಳ ಪ್ರೀತಿಯನ್ನು ಕಳೆದುಕೊಂಡರು. ಇಂದು ಹೆಗಲಿನ ವಿಷಯದಲ್ಲಿ ನಮಗೆ ಗೊತ್ತಿರುವ ಒಳ್ಳೆಯ ಮಾತುಗಳೆಲ್ಲ ಅಂಥ ಹಟದಿಂದಲೇ ಬಂದಿವೆ ಎಂದು ನನಗೆ ಅನ್ನಿಸುತ್ತದೆ.

ಈಗ ತೋಟಕ್ಕೆ ಬರೋಣ. ಚೆರ್ಕಳ–ಜಾಲ್ಸೂರು ರಸ್ತೆಯ ಮೇಲೆ, ಕಾರಡ್ಕ ಪಂಚಾಯತಿನಲ್ಲಿರುವ ಮುಳ್ಳೇರಿಯದ ಸುತ್ತ ಅಡಿಕೆಯೇ ಬದುಕು. ಅಡಿಕೆಯ ಕೆಲಸ ಮೇಲೆ ನೋಡುವ ಕೆಲಸ. ಮಳೆಗಾಲದ ಕೊಳೆರೋಗಕ್ಕೆ, ನಮ್ಮ ಕಡೆಯ ಮಹಾಳಿಗೆ, ಶೇ. 1ರ ಬೋರ್ಡೋ ದ್ರಾವಣ ಬಿಡಬೇಕು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ಮದ್ದನ್ನು ರೂಢಿಗೆ ತಂದರು. ಮೊದಲ ಮದ್ದು ಪತ್ತನಾಜೆ ಕಳೆದು ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು 40–45 ದಿನ ಕಳೆದು ಆಟಿ ತಿಂಗಳಲ್ಲಿ. ಮಳೆ ಬಿಡದಿದ್ದರೆ ಮತ್ತೊಂದು. ಆಮೇಲೆ ಚಳಿಗಾಲದಿಂದ ಬೇಸಗೆಯ ತನಕ ಅಡಿಕೆ ತೆಗೆಯುವ ಕೆಲಸ. ಹಿಂದೆ ಇದೆಲ್ಲ ಮರ ಹತ್ತುವವರ ಪಾಲಿಗಿತ್ತು. ಹತ್ತುವವರು ಸಿಗದಾದ ಮೇಲೆ ಕಾರ್ಬನ್ ಫೈಬರ್ ದೋಟಿ ಬಂತು. ನೆಲದಲ್ಲಿ ನಿಂತೇ ಅರುವತ್ತು ಎಪ್ಪತ್ತು ಅಡಿ ಮೇಲಿನ ಗೊನೆಗೆ ಮದ್ದು ಬಿಡುವುದು, ಗೊನೆ ಕೊಯ್ಯುವುದು ಸಾಧ್ಯವಾಯಿತು. ಮರದಿಂದ ಬೀಳುವ ಸಾವು ತಪ್ಪಿಸಿದ ಸಾಧನ ಅದು. ಅದರ ಉಪಕಾರವನ್ನು ನಾನು ಕಿಂಚಿತ್ತೂ ಕಡಿಮೆ ಮಾಡಲಾರೆ. ಆದರೆ ಅದರೊಂದಿಗೆ ಕೆಲಸ ಇನ್ನೊಂದು ಹೆಗಲಿಗೆ ದಾಟಿತು. ಮೊದಲು ಮರ ಹತ್ತುತ್ತಿದ್ದವನು ಇಪ್ಪತ್ತೈದರ ಹುಡುಗ. ಈಗ ದೋಟಿ ಹಿಡಿಯುವವರು ಹಲವು ಮನೆಗಳಲ್ಲಿ ಐವತ್ತೈದು ಅರುವತ್ತರ ಯಜಮಾನರೇ.

ದೋಟಿ ಹಗುರ ಎಂಬುದು ನಿಜ. ಹೆಗಲಿಗೆ ಆಯಾಸ ಬರುವುದು ದೋಟಿಯ ತೂಕದಿಂದ ಮಾತ್ರವಲ್ಲ, ಎತ್ತಿ ಹಿಡಿದ ಕೈಯಿಂದಲೇ. ಬರಿಗೈಯನ್ನು ಬದಿಗೆ 90 ಡಿಗ್ರಿ ಎತ್ತಿದರೆ ಕೀಲಿನ ಮೇಲೆ ಬೀಳುವ ಬಲ ದೇಹದ ತೂಕದ ಹತ್ತಿರಕ್ಕೆ ಬರುತ್ತದೆ ಎಂದು ಪೊಪ್ಪೆನ್ ಮತ್ತು ವಾಕರ್ 1978ರಲ್ಲೇ ಲೆಕ್ಕ ಹಾಕಿದ್ದರು. ಕೈಯ ತೂಕ ಕೀಲಿನಿಂದ ಒಂದಡಿ ದೂರದಲ್ಲಿ ಜೋತುಬಿದ್ದರೆ, ಅದನ್ನು ಎತ್ತುವ ನಾರು ಕೀಲಿನಿಂದ ಒಂದಿಂಚಿನ ಆಸುಪಾಸಿನಲ್ಲಿ ಎಳೆಯುತ್ತದೆ. ನೀರು ಸೇದುವ ಏತದ ಗಿಡ್ಡ ತುದಿಯನ್ನು ಹಿಡಿದು ಒತ್ತಿದವರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ. ದೋಟಿ ನೆಟ್ಟಗಿದ್ದಾಗ ಅದರ ಭಾರ ನೇರ ಕೆಳಗಿಳಿಯುತ್ತದೆ. ವಾಲಿದಾಗ ಹಿಡಿದು ನಿಲ್ಲಿಸಲು ಹೆಗಲೇ ಬೇಕು. ಗೊನೆ ಬಿಡಿಸುವ ಜಗ್ಗು ಬೇರೆ. ಡೆನ್ಮಾರ್ಕಿನ ಸ್ವೆಂಡ್ಸೆನ್ ಮತ್ತು ಸಂಗಡಿಗರು 2004ರಲ್ಲಿ ಮನೆಗೆ ಬಣ್ಣ ಬಳಿಯುವವರು, ಕಾರು ಮೆಕ್ಯಾನಿಕ್‌ಗಳು, ಯಂತ್ರ ಕೆಲಸಗಾರರು ಹೀಗೆ 136 ಗಂಡಸರ ಹೆಗಲುಗಳನ್ನು ಎಂಆರ್‌ಐಯಲ್ಲಿ ನೋಡಿದರು. ತೋಳನ್ನು 90 ಡಿಗ್ರಿಗಿಂತ ಮೇಲೆ ಎತ್ತಿ ಕಳೆದ ವರ್ಷಗಳು ಹೆಚ್ಚಾದಂತೆ ಸುಪ್ರಾಸ್ಪೈನೇಟಸ್ ನಾರಿನ ಸವೆತವೂ ಹೆಚ್ಚು ಕಂಡಿತು. ಸೀಲಿಂಗಿಗೆ ಬ್ರಷ್ ಎತ್ತಿದ ಕೈಗೂ ಮರದ ತುದಿಗೆ ದೋಟಿ ಎತ್ತಿದ ಕೈಗೂ ಹೆಗಲಿನ ಮಟ್ಟಿಗೆ ದೊಡ್ಡ ವ್ಯತ್ಯಾಸವಿಲ್ಲ ಎಂದು ನಾನು ತಿಳಿಯುತ್ತೇನೆ.

ಹಾಗಾದರೆ ಎಂಆರ್‌ಐಯಲ್ಲಿ ಕಂಡ ಹರಿತವೇ ನೋವಿನ ಕಾರಣವೇ? ಇಲ್ಲಿ ಒಂದು ಹಳೆಯ ಅಧ್ಯಯನವನ್ನು ಪ್ರತಿಯೊಬ್ಬ ರೋಗಿಗೂ ಓದಿ ಹೇಳಬೇಕೆನಿಸುತ್ತದೆ. 1995ರಲ್ಲಿ ಶೆರ್ ಮತ್ತು ಸಂಗಡಿಗರು ಹೆಗಲಿನಲ್ಲಿ ಯಾವ ತೊಂದರೆಯೂ ಇಲ್ಲದ 96 ಜನರನ್ನು ಎಂಆರ್‌ಐಗೆ ಒಳಪಡಿಸಿದರು. 40ರಿಂದ 60 ವರ್ಷದವರಲ್ಲಿ ಶೇ. 24 ಜನರಿಗೆ ಭಾಗಶಃ ಹರಿತ ಇತ್ತು. 60 ದಾಟಿದವರಲ್ಲಿ ಶೇ. 26 ಜನರಿಗೆ ಭಾಗಶಃ ಹರಿತ, ಇನ್ನೂ ಶೇ. 28 ಜನರಿಗೆ ಪೂರ್ಣ ಹರಿತ. ಇವರಲ್ಲಿ ಯಾರಿಗೂ ನೋವಿರಲಿಲ್ಲ. ಅಂದರೆ ಅರುವತ್ತು ದಾಟಿದ ನಾಲ್ವರು ಯಾವ ದೂರೂ ಇಲ್ಲದೆ ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರೆ, ಅವರಲ್ಲಿ ಇಬ್ಬರ ಹೆಗಲಿನ ನಾರು ಎಲ್ಲೋ ಎಳೆ ಬಿಟ್ಟಿರಬಹುದು. ನೋವು ಬಂದ ದಿನ ಫೋಟೋ ತೆಗೆದರೆ ಕಾಣುವ ಹರಿತ ನೋವಿಗಿಂತ ಹತ್ತು ವರ್ಷ ಹಿಂದಿನದೂ ಇರಬಹುದು.

ಮುಂದಿನ ಪ್ರಶ್ನೆ, ಬಿಟ್ಟರೆ ಅದು ದೊಡ್ಡದಾಗುತ್ತದೆಯೇ? ಜಪಾನಿನ ಯಾಮಾನಾಕ ಮತ್ತು ಮಾತ್ಸುಮೊತೊ 1994ರಲ್ಲಿ ಕೀಲಿನ ಬದಿಯ 40 ಹರಿತಗಳನ್ನು ಒಂದು ವರ್ಷ ದಾಟುವವರೆಗೆ ನೋಡಿ ವರದಿ ಮಾಡಿದರು. ಶೇ. 53 ದೊಡ್ಡದಾದವು, ಶೇ. 28 ಪೂರ್ಣ ಹರಿತವಾದವು, ಶೇ. 10 ಚಿಕ್ಕದಾದವು, ಶೇ. 10 ಕಾಣದಾದವು. ಈ ಅಂಕಿಗಳನ್ನು ಕೇಳಿದವರು ಆ ದಿನವೇ ಆಪರೇಷನ್ ಟೇಬಲ್ ಹತ್ತಬೇಕು! ಆದರೆ ಅದೇ ಪ್ರಶ್ನೆಯನ್ನು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕೀನರ್ ತಂಡ ಬೇರೆ ರೀತಿಯಲ್ಲಿ ಕೇಳಿತು. ನೋವಿಲ್ಲದ ಹರಿತಗಳನ್ನು ಅಲ್ಟ್ರಾಸೌಂಡಿನಲ್ಲಿ ಐದು ವರ್ಷಗಳ ಆಸುಪಾಸು ಹಿಂಬಾಲಿಸಿ ಅವರು 2015ರಲ್ಲಿ ಪ್ರಕಟಿಸಿದ ಬರಹದ ಪ್ರಕಾರ, ಭಾಗಶಃ ಹರಿತಗಳಲ್ಲಿ ದೊಡ್ಡದಾದದ್ದು ಶೇ. 44. ಒಂದು ವರ್ಷಕ್ಕೆ ಶೇ. 80, ಐದು ವರ್ಷಕ್ಕೆ ಶೇ. 44! ಎರಡೂ ಪ್ರಾಮಾಣಿಕ ಅಧ್ಯಯನಗಳೇ. ಮೊದಲಿನವರು ನೋವಿನಿಂದ ವೈದ್ಯರ ಬಳಿ ಬಂದವರು, ಕೀಲಿಗೆ ಬಣ್ಣದ ದ್ರವ ಚುಚ್ಚಿ ಎಕ್ಸ್‌ರೇ ತೆಗೆದ ಕಾಲ ಅದು. ಎರಡನೆಯವರು ನೋವಿಲ್ಲದವರು, ಸಾಧನವೂ ಬೇರೆ. ಹರಿತ ತಾನಾಗಿ ಹೊಲಿದುಕೊಳ್ಳುವುದು ಅಪರೂಪ, ಬೆಳೆಯುವುದು ಸಾಮಾನ್ಯ, ಆದರೆ ನಿಧಾನ ಎಂಬಷ್ಟನ್ನೇ ನಾನು ಈ ಎರಡರಿಂದ ತೆಗೆದುಕೊಳ್ಳುತ್ತೇನೆ. ಕಾಯುವುದಕ್ಕೆ ಕಾಲವಿದೆ, ಮರೆತುಬಿಡುವುದಕ್ಕಿಲ್ಲ.

ಶೇ. 50ರ ಗೆರೆ ಎಲ್ಲಿಂದ ಬಂತು ಎಂದು ಈಗ ನೋಡಬಹುದು. 1990ರಲ್ಲಿ ಹಾರ್ವರ್ಡ್ ಎಲ್‌ಮನ್ ಎಂಬ ಶಸ್ತ್ರಚಿಕಿತ್ಸಕ ಭಾಗಶಃ ಹರಿತವನ್ನು ಆಳದ ಪ್ರಕಾರ ಮೂರು ದರ್ಜೆ ಮಾಡಿದರು. 3 ಮಿಲಿಮೀಟರಿಗಿಂತ ಕಡಿಮೆ ಒಂದನೆಯದು, 3ರಿಂದ 6 ಎರಡನೆಯದು, 6 ದಾಟಿದ್ದು ಅಥವಾ ದಪ್ಪದ ಅರ್ಧ ಮೀರಿದ್ದು ಮೂರನೆಯದು. 1999ರಲ್ಲಿ ಸ್ಟೀಫನ್ ವೆಬರ್ ಅರ್ಧಕ್ಕಿಂತ ಆಳವಾದ ಹರಿತವಿದ್ದ 65 ಜನರ ಫಲಿತಾಂಶ ಪ್ರಕಟಿಸಿದರು. 32 ಜನರಿಗೆ ಸವರಿ ಮೂಳೆ ತುಸು ಕೆತ್ತಿದ್ದರು, 33 ಜನರಿಗೆ ಸಣ್ಣ ಗಾಯ ಮಾಡಿ ಹೊಲಿದಿದ್ದರು. 35 ಅಂಕದ ಅಳತೆಪಟ್ಟಿಯಲ್ಲಿ ಹೊಲಿದವರ ಸರಾಸರಿ 31.6, ಸವರಿದವರದು 22.7. ಅಂದಿನಿಂದ ಅರ್ಧದ ಗೆರೆ ಪಠ್ಯಪುಸ್ತಕ ಸೇರಿತು. ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದ ಅಧ್ಯಯನ ಅದಲ್ಲ ಎಂಬುದು ಕಾಲಾಂತರದಲ್ಲಿ ಮಸುಕಾಯಿತು.

ಈ ಗೆರೆಯನ್ನು ಅಲುಗಾಡಿಸಿದ ಬರಹ 2007ರಲ್ಲಿ ಬಂತು. ಜಾನ್ ಕುನ್ ಮತ್ತು ಸಂಗಡಿಗರು ಸರಳವಾದೊಂದು ಕೆಲಸ ಮಾಡಿದರು. ವರ್ಷಕ್ಕೆ ಕನಿಷ್ಠ 30 ಕಫ್ ಹೊಲಿಗೆ ಮಾಡುವ ಅನುಭವಿ 12 ಶಸ್ತ್ರಚಿಕಿತ್ಸಕರಿಗೆ 30 ರೋಗಿಗಳ ಆರ್ತ್ರೋಸ್ಕೋಪಿ ವಿಡಿಯೋ ತೋರಿಸಿದರು. ಎಂಆರ್‌ಐಯ ನೆರಳಲ್ಲ, ಕ್ಯಾಮೆರಾ ಒಳಗೆ ಹೋಗಿ ತೆಗೆದ ನೇರ ಚಿತ್ರ. ಪೂರ್ಣವೋ ಭಾಗಶಃವೋ ಎಂಬುದನ್ನು ಅವರೆಲ್ಲ ಒಪ್ಪಿದರು. ಹರಿತ ಯಾವ ಬದಿಯಲ್ಲಿದೆ ಎಂಬುದರಲ್ಲೂ ಒಪ್ಪಿದರು. ಆಕಸ್ಮಿಕವಾಗಿ ಹೊಂದುವ ಪಾಲನ್ನು ಕಳೆದ ಮೇಲೆಯೂ ಒಪ್ಪಿಗೆಯ ಅಳತೆ 0.85 ಇತ್ತು, 1 ಎಂದರೆ ಪೂರ್ಣ ಒಮ್ಮತ. ಆಳ ಎಷ್ಟು ಎಂದಾಗ ಆ ಅಳತೆ 0.19ಕ್ಕೆ ಇಳಿಯಿತು. ಕಣ್ಣೆದುರಿನ ಹರಿತ ಅರ್ಧ ದಾಟಿದೆಯೋ ಇಲ್ಲವೋ ಎಂಬುದರಲ್ಲಿ ಪರಿಣತರೇ ಒಂದಾಗಲಿಲ್ಲ. ಒಂದು ಗೆರೆಯ ಆಚೆ ಈಚೆ ಯಾರಿದ್ದಾರೆಂದು ಗೆರೆ ಎಳೆದವರೇ ಒಪ್ಪದಿದ್ದಾಗ, ಆ ಗೆರೆಯ ಮೇಲೆ ಒಬ್ಬ ಕೃಷಿಕನ ಆರು ತಿಂಗಳ ದುಡಿಮೆಯನ್ನು ತೂಗುವುದು ನನಗೆ ಸರಿ ಕಾಣುವುದಿಲ್ಲ. ಅವರು ಒಪ್ಪಿದ್ದು ಬದಿಯನ್ನು. ಬದಿಗೆ ಹೆಚ್ಚು ತೂಕ ಕೊಡಲು ಇದೂ ಒಂದು ಕಾರಣ. ಇನ್ನೊಂದು ಕಾರಣವೂ ಇದೆ. ಕೊರ್ಡಾಸ್ಕೊ ಮತ್ತು ಸಂಗಡಿಗರು 2002ರಲ್ಲಿ ಅರ್ಧಕ್ಕಿಂತ ಕಡಿಮೆ ಹರಿದವರಿಗೆ ಸವರಿ ಮೂಳೆ ಕೆತ್ತಿದ ಫಲಿತಾಂಶ ನೋಡಿದಾಗ, ಕೀಲಿನ ಬದಿಯವರು ಬಹುಮಟ್ಟಿಗೆ ಚೆನ್ನಾಗಿದ್ದರು. ಬರ್ಸಾ ಬದಿಯವರಲ್ಲಿ ಸೋಲು ಎದ್ದು ಕಂಡಿತು. ಆಳದ ಸೂತ್ರ 'ಸಣ್ಣದು, ಸವರಿದರೆ ಸಾಕು' ಎಂದು ಹೇಳುತ್ತಿದ್ದ ಜನರೇ ಅವರು.

ಶಸ್ತ್ರಚಿಕಿತ್ಸಕರ ಕೈಯಲ್ಲಿ ಇರುವ ದಾರಿಗಳು ಹೆಚ್ಚಿಲ್ಲ. ಮೊದಲನೆಯದು ಸವರುವುದು: ಪೆನ್ಸಿಲ್ ದಪ್ಪದ ಕ್ಯಾಮೆರಾ ಇಳಿಸಿ, ಎದ್ದು ನಿಂತ ಹರಕು ಎಳೆಗಳನ್ನು ತೆಗೆದು ನಯ ಮಾಡುವುದು. ಇದರ ಜೊತೆ ಅಕ್ರೋಮಿಯನ್ನಿನ ಅಡಿಯನ್ನು ಕೆತ್ತುವ ರೂಢಿ ಚಾರ್ಲ್ಸ್ ನೀರ್ ಅವರ 1972ರ ಬರಹದಿಂದ ಬಲವಾಗಿ ಬೇರೂರಿತು. ಸೂರಿನ ಮೂಳೆ ತಿಕ್ಕಿ ನಾರು ಸವೆಯುತ್ತದೆ ಎಂಬುದು ಅವರ ವಾದ. ಬರೀ ಈ ಕೆತ್ತನೆಯಿಂದ ಎಷ್ಟು ಲಾಭ ಎಂದು ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ 313 ರೋಗಿಗಳನ್ನು ಚೀಟಿ ಎತ್ತಿ ಮೂರು ಗುಂಪು ಮಾಡಿ ನೋಡಿದರು: ಕೆತ್ತಿದವರು, ಒಳಗೆ ಕ್ಯಾಮೆರಾ ಇಳಿಸಿ ಏನೂ ಮಾಡದೆ ಹೊರಬಂದವರು, ಏನೂ ಮಾಡಿಸದವರು. 2018ರ 'ಲ್ಯಾನ್ಸೆಟ್'ನಲ್ಲಿ ಬಂದ ಫಲಿತಾಂಶದಂತೆ ಕೆತ್ತಿದವರಿಗೂ ಸುಮ್ಮನೆ ನೋಡಿ ಬಂದವರಿಗೂ ವ್ಯತ್ಯಾಸ ಕಾಣಲಿಲ್ಲ. ಏನೂ ಮಾಡಿಸದವರಿಗಿಂತ ಇಬ್ಬರೂ ತುಸು ಮೇಲಿದ್ದರು, ಆ ಅಂತರ ರೋಗಿಗೆ ಅರಿವಾಗುವಷ್ಟು ದೊಡ್ಡದಾಗಿರಲಿಲ್ಲ. ಮರುವರ್ಷ 'ಬಿಎಂಜೆ'ಯ ತಜ್ಞರ ಗುಂಪು ಈ ನೋವಿಗೆ ಕೆತ್ತನೆಯ ಆಪರೇಷನ್ ಬೇಡವೆಂದು ಬಲವಾಗಿ ಸಲಹೆ ಕೊಟ್ಟಿತು. ನಾರಿನ ಹೊಲಿಗೆಗೆ ಈ ಮಾತು ಅನ್ವಯಿಸುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಎರಡನ್ನೂ ಒಂದೇ ಎಂದು ತಿಳಿದು 'ಹೆಗಲಿನ ಆಪರೇಷನ್ ದಂಡ' ಎಂದು ಹೇಳುವುದು ತಪ್ಪಾಗುತ್ತದೆ.

ಎರಡನೆಯದು ಹೊಲಿಯುವುದು, ಅದರಲ್ಲಿ ಎರಡು ಬಗೆ. ಉಳಿದ ಒಳ್ಳೆಯ ಎಳೆಗಳನ್ನು ಹಾಗೆಯೇ ಇಟ್ಟು, ಅವುಗಳ ನಡುವಿನಿಂದಲೇ ಎಲುಬಿಗೆ ಚಿಕ್ಕ ಆ್ಯಂಕರ್ ಇಳಿಸಿ, ಕೆಳಗೆ ಎದ್ದ ಪದರವನ್ನು ದಾರದಿಂದ ಎಳೆದು ಕೂರಿಸುವುದು ಒಂದು. ಇದನ್ನು ಗೋಡೆಯ ಹೊರಮೈ ಕೆಡಿಸದೆ ಒಳಗಿನ ಬಿರುಕು ತುಂಬುವ ಕೆಲಸಕ್ಕೆ ಹೋಲಿಸಬಹುದು. ಇನ್ನೊಂದು, ಉಳಿದ ಎಳೆಗಳನ್ನೂ ಕತ್ತರಿಸಿ ಹರಿತವನ್ನು ಪೂರ್ಣ ಮಾಡಿ, ಸವೆದ ಅಂಚು ತೆಗೆದು, ಇಡೀ ನಾರನ್ನು ಹೊಸದಾಗಿ ಎಲುಬಿಗೆ ಕಟ್ಟುವುದು. ಹರಿದದ್ದನ್ನು ಇನ್ನಷ್ಟು ಹರಿಯುತ್ತಾರೆ ಎಂದು ಕೇಳಿದಾಗ ಎಂಥವರಿಗೂ ಅಳುಕಾಗುತ್ತದೆ. ಉಳಿದ ಎಳೆಗಳೂ ಒಳಗೊಳಗೆ ಜೀರ್ಣವಾಗಿದ್ದರೆ ಅವನ್ನು ಉಳಿಸಿ ಉಪಯೋಗವಿಲ್ಲ ಎಂಬುದು ಅದರ ಹಿಂದಿನ ತರ್ಕ. ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ವರ್ಷ ಎರಡು ವರ್ಷ ಕಳೆದ ಮೇಲಿನ ಫಲ ಹೆಚ್ಚುಕಡಿಮೆ ಒಂದೇ. ಮೊದಲ ಬಗೆಯಲ್ಲಿ ಆರಂಭದ ತಿಂಗಳುಗಳ ನೋವು ಮತ್ತು ಬಿಗಿತ ಜಾಸ್ತಿ, ಎರಡನೆಯದರಲ್ಲಿ ಹೊಲಿಗೆ ಬಿಡುವ ಭಯ ತುಸು ಜಾಸ್ತಿ. ಬರ್ಸಾ ಬದಿಯ ಆಳದ ಹರಿತಕ್ಕೆ ಬಹುತೇಕರು ಎರಡನೆಯದನ್ನೇ ಆರಿಸುತ್ತಾರೆ.

ಮೂರನೆಯದು ಹೊಸದು. ನಾರಿನ ಮೇಲೆ ಕೊಲಾಜೆನ್ನಿನ ತೆಳ್ಳನೆಯ ಪಟ್ಟಿ ಹಾಸಿ, ಅದರಡಿಯಲ್ಲಿ ಹೊಸ ಪದರ ಬೆಳೆಯುವಂತೆ ಮಾಡುವುದು. 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ಹೊಲಿಗೆಯ ಎಳೆತವಿಲ್ಲದ್ದರಿಂದ ಕೈ ಬೇಗ ಬಿಡುಗಡೆಯಾಗುತ್ತದೆ ಎಂಬುದು ಆಕರ್ಷಣೆ. ಬೆಲೆ ದೊಡ್ಡದು, ದೀರ್ಘಕಾಲದ ಸಾಕ್ಷ್ಯ ಇನ್ನೂ ಬೆಳೆಯುತ್ತಿದೆ. ಈ ಪಟ್ಟಿ ದನದ ಹಿಮ್ಮಡಿಯ ನಾರಿನಿಂದ ತಯಾರಾದುದು. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಆ ಒಂದು ವಿಷಯ ಬೆಲೆಗಿಂತ ಮುಖ್ಯವಾದೀತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಅದನ್ನು ಹೇಳಿರಬೇಕು. ಒಪ್ಪುವುದು ಬಿಡುವುದು ರೋಗಿಯ ಹಕ್ಕು.

ಇವೆಲ್ಲಕ್ಕೂ ಮೊದಲು ಮೂರರಿಂದ ಆರು ತಿಂಗಳ ವ್ಯಾಯಾಮ ಚಿಕಿತ್ಸೆ ನಡೆಯಬೇಕೆಂಬುದರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಇಲ್ಲಿ ದಕ್ಷಿಣ ಕೊರಿಯಾದ ಕಿಮ್ ತಂಡದ 2018ರ ಅಧ್ಯಯನ ತುಂಬ ಬೆಲೆಯುಳ್ಳದ್ದು. ಅರ್ಧಕ್ಕಿಂತ ಆಳವಾಗಿ ಹರಿದ 78 ಜನರನ್ನು ತೆಗೆದುಕೊಂಡು, ಕೆಲವರಿಗೆ ತಕ್ಷಣ ಹೊಲಿದರು, ಉಳಿದವರಿಗೆ ಆರು ತಿಂಗಳು ಆಪರೇಷನ್ ಇಲ್ಲದ ಚಿಕಿತ್ಸೆ ಕೊಟ್ಟು ಆಮೇಲೂ ಬೇಕಾದವರಿಗೆ ಹೊಲಿದರು. ಕೊನೆಯಲ್ಲಿ ಎರಡೂ ಗುಂಪು ಸಮಾನವಾಗಿ ಚೇತರಿಸಿಕೊಂಡವು. ಕಾದವರಲ್ಲಿ ಹತ್ತಕ್ಕೆ ಸುಮಾರು ಮೂವರಿಗೆ ಆರು ತಿಂಗಳೊಳಗೆ ಗುಣ ಕಂಡು ಆಪರೇಷನ್ನೇ ಬೇಡವಾಯಿತು. ಶೇ. 50ರ ಸೂತ್ರದ ಪ್ರಕಾರ ಈ ಮೂವರನ್ನೂ ಮೊದಲ ದಿನವೇ ಹೊಲಿಯಬೇಕಾಗಿತ್ತು.

ಸ್ಟೀರಾಯ್ಡ್ ಚುಚ್ಚುಮದ್ದಿನ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಕೆಲವು ವಾರ ನೋವು ಇಳಿಯುತ್ತದೆ. ಆ ವಾರಗಳಲ್ಲಿ ವ್ಯಾಯಾಮ ಮಾಡಿದವರಿಗೆ ಅದು ಸಾರ್ಥಕ. ನೋವಿಲ್ಲ ಎಂದು ದೋಟಿ ಎತ್ತಿದವರಿಗೆ ಅಪಾಯ. ಮತ್ತೆ ಮತ್ತೆ ಚುಚ್ಚಿದರೆ ನಾರು ಬಲಗುಂದುತ್ತದೆ, ಚುಚ್ಚಿದ ತಿಂಗಳೊಳಗೆ ಆಪರೇಷನ್ ಮಾಡಿದರೆ ಸೋಂಕಿನ ಸಾಧ್ಯತೆ ಏರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಸಕ್ಕರೆ ಮೇಲೇರುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯಲ್ಲಿ ಕೇರಳದ ವಯಸ್ಕರಲ್ಲಿ ಶೇ. 25.5 ಜನರಿಗೆ ಸಕ್ಕರೆ ಕಾಯಿಲೆ ಇತ್ತು. ಆದ್ದರಿಂದ ಇದು ನಮ್ಮಲ್ಲಿ ಯಾರೋ ಒಬ್ಬರ ವಿಷಯವಲ್ಲ. ಹೊಲಿದ ನಾರು ಅಂಟುವುದನ್ನು ತಡಮಾಡುವುದೂ ಹೆಗಲು ಬಿಗಿದುಕೊಳ್ಳುವಂತೆ ಮಾಡುವುದೂ ಅದೇ ಸಕ್ಕರೆ.

ಇನ್ನು ದಾರಿಯ ವಿಷಯ. ಮುಳ್ಳೇರಿಯದಿಂದ ಆರ್ತ್ರೋಸ್ಕೋಪಿಗೆ ಹೊರಟವರು ಕುಂಬಳೆಯ ಮೂಲಕ ಮಂಗಳೂರಿಗೋ ಜಾಲ್ಸೂರು ದಾಟಿ ಸುಳ್ಯಕ್ಕೋ ಹೋಗುವುದು ರೂಢಿ. ಎರಡೂ ರಾಜ್ಯದ ಗಡಿಯಾಚೆ. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾದಾಗ ಇಲ್ಲಿಯವರು ಪಟ್ಟ ಸಂತೋಷಕ್ಕೆ ಕಾರಣ ಈ ದೂರವೇ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ದೂರದ ಅರ್ಥ ಎಲ್ಲರಿಗೂ ತಿಳಿಯಿತು. ಹೆಗಲಿನ ಆಪರೇಷನ್ ಎರಡು ಗಂಟೆಯೊಳಗಿನ ಕೆಲಸ, ಅದಕ್ಕೆ ಒಮ್ಮೆ ಗಡಿ ದಾಟಿದರಾಯಿತು. ಆಮೇಲಿನ ತಿಂಗಳುಗಳ ಫಿಸಿಯೋಥೆರಪಿಗೆ ವಾರಕ್ಕೆರಡು ಸಲ ಬಸ್ಸಿನ ಕಂಬಿ ಹಿಡಿದು ಹೋಗುವುದು ಹೇಗೆ, ಅದೂ ಹೊಲಿದ ಕೈಯಲ್ಲೇ? ಕಾಸರಗೋಡು ಕಡೆಯ ಫಿಸಿಯೋಥೆರಪಿಸ್ಟ್ ಯಾರೆಂಬುದನ್ನು ಆಪರೇಷನ್ನಿನ ದಿನಾಂಕಕ್ಕೆ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಹೊಲಿದವರಿಂದ ಬರೆಸಿ ತಂದ ಚೀಟಿಯಲ್ಲಿ ಯಾವ ಬಗೆಯ ಹೊಲಿಗೆ, ಎಷ್ಟು ವಾರ ಏನು ಕೂಡದು ಎಂಬುದಿರಬೇಕು. ನನ್ನ ಎಣಿಕೆಯಲ್ಲಿ ಈ ಚೀಟಿ ಎಂಆರ್‌ಐ ಫಿಲ್ಮಿಗಿಂತ ಬೆಲೆಬಾಳುವ ಕಾಗದ.

ಹೊಲಿದ ಮೇಲೆ ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿ. ಆರನೆಯ ವಾರದ ಮೇಲೆ ತನ್ನ ಬಲದಿಂದ ಕೈ ಎತ್ತುವ ಅಭ್ಯಾಸ, ಮೂರು ತಿಂಗಳು ತುಂಬಿದ ಮೇಲೆ ಬಲವರ್ಧನೆ, ಭಾರದ ಕೆಲಸಕ್ಕೆ ಐದಾರು ತಿಂಗಳು. ಈ ಲೆಕ್ಕವನ್ನು ಅಡಿಕೆಯ ಪಂಚಾಂಗದ ಮೇಲೆ ಇಟ್ಟು ನೋಡಿದೆ. ಅಡಿಕೆ ತೆಗೆದು ಮುಗಿಯಿತೆಂದು ಏಪ್ರಿಲಿನಲ್ಲಿ ಹೊಲಿಸಿಕೊಂಡರೆ, ಪತ್ತನಾಜೆಯ ಮದ್ದೂ ಆಟಿಯ ಮದ್ದೂ ಕೈ ಏಳದ ದಿನಗಳಲ್ಲೇ ಬೀಳುತ್ತವೆ. ಮದ್ದು ಒಂದು ವಾರ ತಪ್ಪಿದರೆ ಕೊಳೆ ಗೊನೆಯನ್ನು ಬಿಡುವುದಿಲ್ಲ, ಆ ಕಳವಳದಲ್ಲಿ ಯಜಮಾನ ಜೋಳಿಗೆ ಬಿಚ್ಚಿ ದೋಟಿಗೆ ಕೈ ಹಾಕುವುದು ಖಂಡಿತ. ಕೊನೆಯ ಮದ್ದು ಮುಗಿಸಿ ಸೆಪ್ಟೆಂಬರಿನಲ್ಲಿ ಹೊಲಿಸಿಕೊಂಡರೆ ಜೋಳಿಗೆ ನವರಾತ್ರಿ ದೀಪಾವಳಿಯ ಆಸುಪಾಸಿನಲ್ಲಿ ಬಿಡುತ್ತದೆ, ತೋಟದ ಕೊಯ್ಲು ತಪ್ಪುತ್ತದೆ. ಆದರೆ ನಾವು ಹಣ್ಣಡಿಕೆ ಒಣಗಿಸಿ ಚಾಲಿ ಮಾಡುವವರು. ಹಣ್ಣಾದ ಅಡಿಕೆ ಬಿದ್ದರೆ ಹೆಕ್ಕಬಹುದು, ಗೊನೆ ಹದಿನೈದು ದಿನ ತಡವಾಗಿ ಇಳಿದರೂ ಅಂಗಳದಲ್ಲಿ ಒಣಗಬಹುದು. ಕೊಯ್ಲು ಕಾಯುತ್ತದೆ, ಮಹಾಳಿ ಕಾಯುವುದಿಲ್ಲ. ಮುಂದಿನ ಮಳೆಗಾಲಕ್ಕೆ ಹೆಗಲಿಗೆ ಎಂಟು ತಿಂಗಳ ಅವಧಿ ಸಿಕ್ಕಿರುತ್ತದೆ. ಭಾಗಶಃ ಹರಿತ ತುರ್ತಿನ ಕಾಯಿಲೆ ಅಲ್ಲದ್ದರಿಂದ ಹೀಗೆ ತಿಂಗಳು ಆರಿಸುವ ಸ್ವಾತಂತ್ರ್ಯ ರೋಗಿಗಿದೆ, ಅದನ್ನು ಬಳಸಬೇಕು. ಇದಕ್ಕೆ ಒಂದು ಅಪವಾದ: ಬಿದ್ದು ಪೆಟ್ಟಾಗಿ ಆ ಕ್ಷಣದಿಂದಲೇ ಕೈ ಏಳದೆ ಹೋದರೆ ಅದು ಪೂರ್ಣ ಹರಿತವಿರಬಹುದು. ಆಗ ತಿಂಗಳುಗಳ ಲೆಕ್ಕ ಬಿಟ್ಟು ದಿನಗಳ ಲೆಕ್ಕದಲ್ಲಿ ಹೊರಡಬೇಕು.

ಮತ್ತೆ ದೋಟಿ ಹಿಡಿಯುವ ದಿನಕ್ಕೂ ಕೆಲವು ಮಾತು. ಮೊಳಕೈ ಎದೆಯ ಮಟ್ಟಕ್ಕಿಂತ ಮೇಲೇಳದಂತೆ ಕೆಳಗಿನ ಹಿಡಿತ ಬಳಸಿ, ಮರಕ್ಕೆ ಹತ್ತಿರ ನಿಂತು ದೋಟಿಯನ್ನು ಆದಷ್ಟು ನೆಟ್ಟಗೆ ಇಟ್ಟುಕೊಂಡರೆ ಹೆಗಲಿನ ಪಾಲು ತಗ್ಗುತ್ತದೆ. ಗೊನೆಯನ್ನು ತೋಳಿನಿಂದ ಜಗ್ಗದೆ ಮೊಣಕಾಲು ಬಗ್ಗಿಸಿ ಮೈತೂಕದಿಂದ ಎಳೆಯಬೇಕು. ಮೊದಲ ವಾರ ಹತ್ತು ಮರಕ್ಕೆ ಒಮ್ಮೆ ದೋಟಿಯನ್ನು ಮರಕ್ಕೆ ಒರಗಿಸಿ ಕೈ ಇಳಿಬಿಟ್ಟು ನಿಲ್ಲಬೇಕು. ರಾತ್ರಿ ಆ ಮಗ್ಗುಲಲ್ಲಿ ಮಲಗಿದಾಗ ಎಚ್ಚರವಾಗುವಷ್ಟು ನೋವು ಬಂದರೆ ಮರುದಿನದ ಸಾಲನ್ನು ಬೇರೆಯವರಿಗೆ ಬಿಡಬೇಕು.